ಹುಳ ಬೇಡ, ಹಕ್ಕಿ ಮಾತ್ರ ಬೇಕು ಅಂದರೆ?

ಹಿತ್ತಲಿಗೆ ಹಕ್ಕಿ ಬರಲಿ ಅಂತ ಯಾರಿಗೆ ಆಸೆ ಇರಲ್ಲ? ಕಾಳು ಚೆಲ್ಲುತ್ತೇವೆ, ಬಟ್ಟಲಲ್ಲಿ ನೀರಿಡುತ್ತೇವೆ, ಗೋಡೆಗೆ ಗೂಡಿನ ಪೆಟ್ಟಿಗೆ ಹೊಡೆಯುತ್ತೇವೆ. ಅದೇ ಹಿತ್ತಲಲ್ಲಿ ಬದನೆ ಎಲೆಯಲ್ಲಿ ನಾಲ್ಕು ತೂತು ಕಂಡರೆ ಸಾಕು, ಯಾವ ಔಷಧಿ ಹೊಡೆಯೋಣ ಅಂತ ಶುರು ಮಾಡುತ್ತೇವೆ. ನೆಂಟರನ್ನು ಊಟಕ್ಕೆ ಕರೆದು, ಅವರು ಕೂತ ಮೇಲೆ ಎಲೆ ಎತ್ತಿಕೊಂಡು ಹೋದ ಹಾಗೆ ಇದು. ಆ ತೂತು ಮಾಡಿದ ಹುಳವೇ ಹಕ್ಕಿಮರಿಯ ಊಟ.

ತರಕಾರಿ ಬೆಳೆಯುವುದು, ಹಕ್ಕಿ ನೋಡುವುದು ಎರಡು ಬೇರೆ ಬೇರೆ ಹವ್ಯಾಸ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎರಡೂ ಒಂದೇ. ಹುಳ ತಿನ್ನುವ ಎಲೆಯಿಂದ ಹುಳ ತಿನ್ನುವ ಹಕ್ಕಿಯವರೆಗೆ ಎಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಪಾತಿಗಳ ನಡುವೆ ಒಂದು ಸುತ್ತು ಬರುತ್ತೇನೆ. ಎಷ್ಟು ಕಾಯಿ ಬಿಟ್ಟಿದೆ ಅಂತ ನೋಡುವುದಕ್ಕಿಂತ ಯಾರು ಯಾರನ್ನು ತಿನ್ನುತ್ತಿದ್ದಾರೆ ಅಂತ ನೋಡುವುದೇ ಜಾಸ್ತಿ.

ಗುಬ್ಬಚ್ಚಿಯನ್ನೇ ತೆಗೆದುಕೊಳ್ಳಿ. ದೊಡ್ಡ ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ. ಅದರ ಮರಿಗೆ ಮಾತ್ರ ಮೊದಲ ದಿನಗಳಲ್ಲಿ ಹುಳವೇ ಆಗಬೇಕು. ಸುಮಾರು ಎರಡು ವಾರದಲ್ಲಿ ಕಣ್ಣೂ ಬಿಡದ ಮಾಂಸದ ಮುದ್ದೆಯಿಂದ ಹಾರುವ ಹಕ್ಕಿಯಾಗಬೇಕಲ್ಲ. ರೆಕ್ಕೆ, ಪುಕ್ಕ, ಸ್ನಾಯು ಎಲ್ಲ ಬೆಳೆಯಲು ಪ್ರೋಟೀನ್ ಬೇಕು, ನೀರಿನಂಶವೂ ಬೇಕು. ಮೆತ್ತಗಿನ ಹಸಿರುಹುಳದಲ್ಲಿ ಎರಡೂ ಇವೆ. ಹೂವಿನ ಮಕರಂದ ಕುಡಿಯುವ ಸೂರಕ್ಕಿ ಕೂಡ ಮರಿಗಳಿಗೆ ಜೇಡ, ಸಣ್ಣ ಹುಳ ಹೊತ್ತು ತರುತ್ತದೆ. ಮರಿ ಮಾಡುವ ಕಾಲದಲ್ಲಿ ಒಂದು ಗೂಡನ್ನು ದೂರದಿಂದ ಸ್ವಲ್ಪ ಹೊತ್ತು ಗಮನಿಸಿ. ಅಪ್ಪ ಅಮ್ಮ ಎರಡೂ ಒಂದು ಕ್ಷಣ ಸುಮ್ನೆ ಕೂರುವುದಿಲ್ಲ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ, ಕೊಕ್ಕಿನ ಎರಡೂ ಕಡೆ ಏನೋ ಹಸಿರು ಜೋತಾಡುತ್ತಿರುತ್ತದೆ.

ಅಮೆರಿಕದ ಕೀಟತಜ್ಞ ಡಗ್ಲಸ್ ಟಾಲಮಿ ಇದಕ್ಕೊಂದು ಲೆಕ್ಕ ಕೊಡುತ್ತಾರೆ. ಅಲ್ಲಿನ ಕ್ಯಾರೊಲೈನಾ ಚಿಕಡೀ ಅನ್ನುವ ಹಕ್ಕಿ ಹತ್ತು ಗ್ರಾಂ ಆಸುಪಾಸು ತೂಗುತ್ತದೆ. ಒಂದು ಗೂಡಿನ ಮರಿಗಳನ್ನು ಹಾರುವ ಮಟ್ಟಕ್ಕೆ ತರಲು ಆ ಜೋಡಿಗೆ 6,000ದಿಂದ 9,000 ಎಲೆಹುಳ ಬೇಕಂತೆ. ಈ ಸಂಖ್ಯೆ ಓದಿದ ಮೇಲೆ ಎಲೆಯ ತೂತನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಅಷ್ಟು ಹುಳ ಎಲ್ಲಿಂದಲೋ ಬರಬೇಕಲ್ಲ? ಯಾರದೋ ಗಿಡದ ಎಲೆ ತಿಂದೇ ಬರಬೇಕು. ಅದು ನನ್ನ ಗಿಡವೇ ಆದರೆ ನೋಡುವ ಭಾಗ್ಯವೂ ನನ್ನದೇ.

ಇದರಿಂದ ತೋಟಕ್ಕೇನು ಲಾಭ ಅಂತ ಕೇಳುವವರಿಗೂ ಉತ್ತರ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಬ್ಬರು ವಿಜ್ಞಾನಿಗಳು ಸೇಬಿನ ತೋಟದಲ್ಲಿ ಗ್ರೇಟ್ ಟಿಟ್ ಹಕ್ಕಿಗಳಿಗೆ ಗೂಡಿನ ಪೆಟ್ಟಿಗೆ ಇಟ್ಟು ನೋಡಿದರು. ಹಕ್ಕಿಗಳು ಹುಳ ಹೆಕ್ಕಿದ ಮರಗಳಲ್ಲಿ ಹಾಳಾದ ಹಣ್ಣು ಕಡಿಮೆಯಾಯಿತು, ಇಳುವರಿ ಮರಕ್ಕೆ 4.7 ಕಿಲೋದಿಂದ 7.8 ಕಿಲೋಗೆ ಏರಿತು. 2002ರಲ್ಲಿ ಆ ವರದಿ ಪ್ರಕಟವಾಯಿತು. ಇದರ ಉಲ್ಟಾ ಪ್ರಯೋಗವನ್ನು ಚೀನಾ ದೇಶ ಬಹಳ ದೊಡ್ಡದಾಗಿಯೇ ಮಾಡಿ ಮುಗಿಸಿದೆ. 1958ರಲ್ಲಿ ಇಲಿ, ನೊಣ, ಸೊಳ್ಳೆಗಳ ಜತೆ ಗುಬ್ಬಚ್ಚಿಯನ್ನೂ ಪಿಡುಗಿನ ಪಟ್ಟಿಗೆ ಸೇರಿಸಿ ಊರೂರಲ್ಲಿ ತಟ್ಟೆ ಬಡಿದು, ಕೂರಲು ಬಿಡದೆ ಓಡಿಸಿ ಕೊಂದರು. ಹುಳುಗಳ ಕಾಟ ಹೆಚ್ಚಾಯಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ಆ ಜಾಗಕ್ಕೆ ತಿಗಣೆಯನ್ನು ಹಾಕಿದರು. ಲೆಕ್ಕಕ್ಕೆ ನಾಲ್ಕು ಹೆಸರು ಇರಲೇಬೇಕಿತ್ತು ನೋಡಿ.

ಹಾಗಂತ ಹುಳ ಬಂದಾಗ ಕೈಕಟ್ಟಿ ಕೂರುವುದು ಸುಲಭ ಅಂತ ನಾನು ಹೇಳಲ್ಲ. ಅಲಸಂದೆಯ ಎಳೆ ಕುಡಿಗೆ ಕಪ್ಪು ಹೇನು ಹತ್ತಿದ್ದನ್ನು ನೋಡಿದವರಿಗೆ ಆ ಸಂಕಟ ಗೊತ್ತು. ನಿನ್ನೆ ನಾಲ್ಕೈದು ಇದ್ದದ್ದು ಇವತ್ತು ಕುಡಿ ಪೂರ್ತಿ ಕಪ್ಪಾಗಿರುತ್ತದೆ. ಈ ಹೇನುಗಳ ಸಂಸಾರವೇ ವಿಚಿತ್ರ. ಅನುಕೂಲದ ಕಾಲದಲ್ಲಿ ಗಂಡಿನ ಹಂಗೇ ಇಲ್ಲ. ಹೆಣ್ಣು ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಆ ಮರಿಗಳೂ ಹೆಣ್ಣೇ. ಅಷ್ಟೇ ಅಲ್ಲ, ಹುಟ್ಟುವ ಮರಿಯ ಹೊಟ್ಟೆಯಲ್ಲಿ ಅದರ ಮರಿಗಳು ಆಗಲೇ ಬೆಳೆಯುತ್ತಿರುತ್ತವೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ! ಹೀಗಿರುವಾಗ ಕುಡಿ ಕಪ್ಪಾಗದೆ ಇನ್ನೇನಾಗುತ್ತದೆ?

ಇದರ ಮೇಲೆ ಇರುವೆಗಳ ಕಾವಲು ಬೇರೆ. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಬೇಕಾದ ಸಾರಜನಕ ಕಡಿಮೆ. ಹಾಗಾಗಿ ಹೇನು ರಸವನ್ನು ಹೊಟ್ಟೆ ತುಂಬಾ ಹೀರಿ, ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡುತ್ತದೆ. ಇರುವೆ ಬಂದು ಮೀಸೆಯಿಂದ ಅದರ ಬೆನ್ನು ಸವರುತ್ತದೆ, ಹನಿ ಹೊರಗೆ ಬರುತ್ತದೆ, ಇರುವೆ ಕುಡಿಯುತ್ತದೆ. ಪ್ರತಿಯಾಗಿ ಹೇನು ತಿನ್ನಲು ಬಂದವರನ್ನು ಕಚ್ಚಿ ಓಡಿಸುತ್ತದೆ. ಭೂತಗನ್ನಡಿ ಇದ್ದರೆ ಒಮ್ಮೆ ಹಿಡಿದು ನೋಡಿ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ತಿನ್ನುವವರು ಬಂದೇ ಬರುತ್ತಾರೆ. ಗುಲಗಂಜಿ ಹುಳ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ಗುಂಪಾಗಿ ಇಡುತ್ತದೆ. ಅದರಿಂದ ಬರುವ ಮರಿ ಮಾತ್ರ ಅಮ್ಮನ ಹಾಗೆ ದುಂಡಗೆ, ಕೆಂಪಗೆ ಇರಲ್ಲ. ಉದ್ದ ಮೈ, ಕಪ್ಪು ಬಣ್ಣ, ಅಲ್ಲಲ್ಲಿ ಕಿತ್ತಳೆ ಚುಕ್ಕೆ, ಮೈಮೇಲೆ ಮುಳ್ಳಿನಂಥ ಉಬ್ಬು. ನೋಡಲು ಚೆನ್ನಾಗಿಲ್ಲ ಅಂತ ಇದನ್ನೇ ಹಿಡಿದು ಹೊಸಕಿ ಹಾಕುವವರು ಬಹಳ. ಬೆಳೆಯುವಷ್ಟರಲ್ಲಿ ಆ ಒಂದು ಮರಿ ನೂರಾರು ಹೇನು ತಿಂದು ಮುಗಿಸುತ್ತದೆ. ಗಾಳಿಯಲ್ಲಿ ನಿಂತಲ್ಲೇ ನಿಂತು ಹಾರುವ, ಜೇನಿನ ಹಾಗೆ ವೇಷ ಹಾಕಿದ ಹೂನೊಣದ ಮರಿಗೂ ಇದೇ ಊಟ.

ತೊಂದರೆ ಏನಂದರೆ, ಇವರೆಲ್ಲ ಬರುವುದು ಸ್ವಲ್ಪ ತಡವಾಗಿ. ಊಟ ಸಾಕಷ್ಟು ಇದೆ ಅಂತ ಗೊತ್ತಾದ ಮೇಲೆಯೇ ಗುಲಗಂಜಿ ಹುಳ ಮೊಟ್ಟೆ ಇಡುವುದು. ಆ ನಡುವಿನ ದಿನಗಳಲ್ಲೇ ನಮ್ಮ ಕೈ ಔಷಧಿಗೆ ಹೋಗುವುದು. ಹೊಡೆದರೆ ಏನಾಗುತ್ತದೆ? ಹೇನೂ ಸಾಯುತ್ತದೆ, ಹೇನು ತಿನ್ನಲು ಬಂದವನೂ ಸಾಯುತ್ತಾನೆ. ಎಲ್ಲೋ ಎಲೆಯ ಮಡಿಕೆಯಲ್ಲಿ ಉಳಿದ ಒಂದು ಹೇನು ವಾರದಲ್ಲಿ ಮತ್ತೆ ಸಂಸಾರ ಕಟ್ಟುತ್ತದೆ. ಗುಲಗಂಜಿ ಹುಳಕ್ಕೆ ಆ ವೇಗ ಇಲ್ಲ. ಹಾಗಾಗಿ ಎರಡನೇ ಸಲ ಹೇನಿಗೆ ಎದುರಾಳಿಯೇ ಇರಲ್ಲ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡುವುದು ಅಂದರೆ ಇದೇ. ಇಲ್ಲಿ ಅಸ್ತ್ರ ಗುರಿಯನ್ನೂ ಸರಿಯಾಗಿ ಹಿಡಿಯಲ್ಲ. ತೀರಾ ಜಾಸ್ತಿಯಾದರೆ ಪೈಪಿನ ನೀರು ಜೋರಾಗಿ ಬಿಟ್ಟು ಕುಡಿ ತೊಳೆಯುತ್ತೇನೆ. ಬಿದ್ದ ಹೇನಿಗೆ ಮತ್ತೆ ಮೇಲೆ ಹತ್ತುವುದು ಕಷ್ಟ. ಅದೂ ಆಗದಿದ್ದರೆ ಆ ಕುಡಿಯನ್ನೇ ಚಿವುಟಿ ಬಿಸಾಡುತ್ತೇನೆ. ಅಲಸಂದೆ ಪಕ್ಕದಲ್ಲಿ ಇನ್ನೊಂದು ಕುಡಿ ಹೊಡೆಯುತ್ತದೆ.

ಹಿತ್ತಲಿನ ಬೇಟೆಗಾರರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮಣ್ಣಿನ ಮಡಕೆ ಮಾಡುವ ಕಣಜ. ಕುಂಬಾರ ಹುಳ ಅಂತಲೂ ಕರೆಯುತ್ತಾರೆ. ಗೋಡೆ ಮೂಲೆಯಲ್ಲೋ, ಒಣಗಿದ ಕಡ್ಡಿಯ ಮೇಲೋ, ಹಳೆ ಕುಂಡದ ಅಂಚಿನಲ್ಲೋ ಕೆಲಸ ಶುರು ಮಾಡುತ್ತದೆ. ಬಾಯಲ್ಲಿ ನೀರು ತಂದು ಒಣ ಮಣ್ಣಿಗೆ ಬಿಟ್ಟು, ಕಲಸಿ, ಸಣ್ಣ ಉಂಡೆ ಮಾಡಿಕೊಂಡು ಹಾರಿ ಬರುತ್ತದೆ. ಆ ಉಂಡೆಯನ್ನು ಪಟ್ಟಿಯಾಗಿ ಎಳೆದು ಗೋಡೆ ಎಬ್ಬಿಸುತ್ತದೆ. ಮುಂಗಾಲು ಒಳಗೆ, ದವಡೆ ಹೊರಗೆ, ಮೀಸೆ ಎರಡೂ ಕಡೆ ಮುಟ್ಟಿ ಅಳತೆ ನೋಡುತ್ತಿರುತ್ತದೆ. ಕೊನೆಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಗುಂಡು ಮಡಕೆ ಸಿದ್ಧ. ಬಾಯಿಗೆ ಹೊರಕ್ಕೆ ಬಾಗಿದ ಕಂಠ ಬೇರೆ! ತಿರುಗಣಿ ಇಲ್ಲದೆ ಇಷ್ಟು ದುಂಡಗೆ ಮಾಡುವುದು ಹೇಗೆ ಅಂತ ಪ್ರತಿ ಸಲ ಬೆರಗಾಗುತ್ತದೆ.

ಆಮೇಲೆ ಮೊಟ್ಟೆ. ಕಣಜ ಹೊಟ್ಟೆಯ ತುದಿಯನ್ನು ಮಡಕೆಯೊಳಗೆ ತೂರಿಸಿ, ಒಳಗೋಡೆಗೆ ಒಂದು ನವಿರಾದ ಎಳೆಯಲ್ಲಿ ಮೊಟ್ಟೆಯನ್ನು ನೇತು ಹಾಕುತ್ತದೆ. ಅದಾದ ಮೇಲೆ ಬೇಟೆಗೆ ಹೊರಡುತ್ತದೆ. ನನ್ನ ಸೊಪ್ಪಿನ ಪಾತಿಯಿಂದ ಹಸಿರುಹುಳ ಒಂದೊಂದಾಗಿ ಹೋಗುತ್ತವೆ. ಕೊಂಡಿಯಿಂದ ಚುಚ್ಚಿದ ಹುಳ ಸಾಯುವುದಿಲ್ಲ, ಅಲ್ಲಾಡಲು ಮಾತ್ರ ಆಗುವುದಿಲ್ಲ. ಸತ್ತರೆ ಕೊಳೆಯುತ್ತದಲ್ಲ, ಅದಕ್ಕೇ ಈ ಏರ್ಪಾಡು. ಮಡಕೆ ತುಂಬಿದ ಮೇಲೆ ಬಾಯಿಗೆ ಮಣ್ಣು ಮೆತ್ತಿ ಹೊರಟುಹೋಗುತ್ತದೆ, ಮತ್ತೆ ತಿರುಗಿಯೂ ನೋಡುವುದಿಲ್ಲ. ಒಳಗಿನ ಮರಿ ಒಂದೊಂದೇ ಹುಳ ತಿಂದು, ಕೋಶ ಕಟ್ಟಿ, ಕಣಜವಾಗಿ, ಮಡಕೆಗೆ ತೂತು ಕೊರೆದು ಹೊರಬರುತ್ತದೆ.

ನಮ್ಮಲ್ಲಿ ಕೀಟ-ಭ್ರಮರ ನ್ಯಾಯ ಅಂತ ಒಂದು ಹಳೆಯ ಮಾತಿದೆ. ಕಣಜ ಹುಳವನ್ನು ತಂದು ಮಣ್ಣಿನ ಗೂಡಲ್ಲಿಟ್ಟು ಗುಂಯ್‌ಗುಟ್ಟುತ್ತದಂತೆ, ಆ ಹುಳ ಭಯದಲ್ಲಿ ಕಣಜವನ್ನೇ ನೆನೆದು ನೆನೆದು ಕೊನೆಗೆ ತಾನೂ ಕಣಜವಾಗುತ್ತದಂತೆ. ಕಣ್ಣಾರೆ ನೋಡಿದವರೇ ಇದನ್ನು ಹೇಳಿರಬೇಕು. ಹುಳ ಒಳಗೆ ಹೋಗಿದ್ದು ನಿಜ, ಕಣಜ ಹೊರಗೆ ಬಂದದ್ದೂ ನಿಜ. ನಡುವೆ ಏನಾಯಿತು ಅನ್ನುವುದು ಮಾತ್ರ ಮುಚ್ಚಿದ ಮಡಕೆಯೊಳಗೆ ನಡೆದುಹೋಯಿತು. ನನಗಂತೂ ನಿಜ ಸಂಗತಿಯೇ ಆ ಕಥೆಗಿಂತ ರೋಚಕ ಅನ್ನಿಸುತ್ತದೆ.

ಸಾಧಾರಣ ಹಿತ್ತಲಲ್ಲಿ ಇಂಥವರು ಎಷ್ಟು ಮಂದಿ ಇರಬಹುದು? ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೆನ್ನಿಫರ್ ಓವೆನ್ ಅನ್ನುವ ಪ್ರಾಣಿಶಾಸ್ತ್ರಜ್ಞೆ ಇದನ್ನು ಎಣಿಸಿಯೇ ಬಿಟ್ಟರು. 1972ರಲ್ಲಿ ಶುರು ಮಾಡಿ 30 ವರ್ಷ ತಮ್ಮ ಮನೆಯ ತೋಟದಲ್ಲಿ ಕಂಡ ಜೀವಿಗಳನ್ನೆಲ್ಲ ಬರೆದಿಟ್ಟರು. ಅದು ಕಾಡಲ್ಲ, ನಗರದ ಬಡಾವಣೆಯ ಮನೆತೋಟ. ಒಟ್ಟು ಸಿಕ್ಕಿದ್ದು 2,673 ಬಗೆ. ಅದರಲ್ಲಿ 1,997 ಕೀಟಗಳು. ಹಕ್ಕಿ, ಕಪ್ಪೆ, ಪ್ರಾಣಿ ಅಂತ ಬೆನ್ನೆಲುಬು ಇರುವವು ಎಲ್ಲ ಸೇರಿ ಬರೀ 64. ತೋಟದ ಜೀವಿಗಳು ಅಂದಾಗ ನಾವು ಫೋಟೋ ತೆಗೆಯುವುದು ಈ 64ರ ಗುಂಪನ್ನು ಮಾತ್ರ. ಉಳಿದವರ ಬೆನ್ನ ಮೇಲೆ ಇವರ ಬದುಕು ನಿಂತಿದೆ.

ಇನ್ನು ಹಕ್ಕಿ ಮತ್ತು ನನ್ನ ನಡುವಿನ ನೇರ ಜಗಳಕ್ಕೆ ಬರೋಣ. ಹಣ್ಣಿನ ವಿಷಯ. ಪಿಕಳಾರ ಹಕ್ಕಿಗೂ ನನಗೂ ಟೊಮೆಟೊ ಹಣ್ಣಾಗುವುದು ಒಂದೇ ದಿನ ಗೊತ್ತಾಗುತ್ತದೆ, ಅದು ಮಾತ್ರ ನನಗಿಂತ ಬೇಗ ಏಳುತ್ತದೆ. ನಾಳೆ ಕೀಳೋಣ ಅಂತ ಬಿಟ್ಟ ಹಣ್ಣಿಗೆ ಬೆಳಿಗ್ಗೆ ಬಂದು ನೋಡಿದರೆ ಒಂದು ಕಡೆ ಗುಳಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೂರ್ತಿ ತಿಂದರೂ ಬೇಜಾರಿಲ್ಲ. ಒಂದನ್ನು ಕುಕ್ಕಿ ಬಿಟ್ಟು ಮುಂದಿನದಕ್ಕೆ ಹೋಗುತ್ತದಲ್ಲ, ಅದಕ್ಕೆ ಕೋಪ ಬರುವುದು.

ಇದಕ್ಕೆ ಸುಲಭದ ದಾರಿ ಒಂದಿದೆ. ಟೊಮೆಟೊ ಪೂರ್ತಿ ಕೆಂಪಾಗುವವರೆಗೆ ಗಿಡದಲ್ಲೇ ಇರಬೇಕಾಗಿಲ್ಲ. ತುದಿಯಲ್ಲಿ ನಸುಗೆಂಪು ಮೂಡಿತು ಅಂದರೆ ಹಣ್ಣಾಗುವ ಕೆಲಸ ಒಳಗೆ ಶುರುವಾಗಿದೆ ಅಂತ ಅರ್ಥ. ಆಗ ಕಿತ್ತು ಅಡುಗೆಮನೆಯಲ್ಲಿ ಇಟ್ಟರೆ ತಾನು ಹೊರಬಿಡುವ ಎಥಿಲೀನ್ ಅನಿಲದಿಂದಲೇ ಹಣ್ಣಾಗುತ್ತದೆ. ರುಚಿಯಲ್ಲಿ ನನಗೆ ವ್ಯತ್ಯಾಸ ಗೊತ್ತಾಗಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. 12 ಡಿಗ್ರಿಗಿಂತ ಕೆಳಗೆ ಹೋದರೆ ಟೊಮೆಟೊಗೆ ಪರಿಮಳ ಕೊಡುವ ಅಂಶಗಳ ತಯಾರಿಯೇ ನಿಂತುಹೋಗುತ್ತದೆ, ಹೊರಗೆ ತೆಗೆದಿಟ್ಟರೂ ಪೂರ್ತಿ ವಾಪಸ್ ಬರಲ್ಲ.

ಮನೆಯ ಟೊಮೆಟೊಗೆ ಬೇರೆ ರುಚಿ ಅನ್ನುವುದು ಬರೀ ಅಭಿಮಾನದ ಮಾತಲ್ಲ. ನಾಟಿ ಟೊಮೆಟೊ ಕಾಯಿಯ ತೊಟ್ಟಿನ ಸುತ್ತ ಕಡು ಹಸಿರು ಇರುವುದನ್ನು ನೋಡಿದ್ದೀರಲ್ವಾ? ಹಣ್ಣಾದಾಗ ಆ ಭಾಗ ಕೆಲವೊಮ್ಮೆ ಸರಿಯಾಗಿ ಕೆಂಪಾಗುವುದಿಲ್ಲ. ನೋಡಲು ಚೆನ್ನಾಗಿರಲ್ಲ ಅಂತ ತಳಿ ತಜ್ಞರು ಸುಮಾರು 70 ವರ್ಷ ಅದು ಇಲ್ಲದ, ಇಡೀ ಕಾಯಿ ಒಂದೇ ತಿಳಿಹಸಿರು ಇರುವ ತಳಿಗಳನ್ನೇ ಆರಿಸುತ್ತಾ ಬಂದರು. 2012ರಲ್ಲಿ ವಿಜ್ಞಾನಿಗಳು ಆ ಗುಣಕ್ಕೆ ಕಾರಣವಾದ ಜೀನ್ ಪತ್ತೆ ಮಾಡಿದರು. ಕಾಯಿಯೊಳಗೆ ಹಸಿರನ್ನು ಹೆಚ್ಚಿಸಿ, ಕಾಯಿಯೇ ಒಂದಿಷ್ಟು ಸಕ್ಕರೆ ತಯಾರಿಸುವ ಹಾಗೆ ಮಾಡುವ ಜೀನ್ ಅದು. ಚಂದದ ತಳಿಗಳಲ್ಲಿ ಅದು ಕೆಟ್ಟುಹೋಗಿದೆ. ಅಂದರೆ ಬಣ್ಣ ಸರಿಮಾಡಲು ಹೋಗಿ ಸಿಹಿ ಕಳೆದುಕೊಂಡಿದ್ದು. ನನ್ನ ಪಾತಿಯಲ್ಲಿ ಸೊಟ್ಟಗಿರುವ, ಹೆಗಲು ಹಸಿರಾಗಿರುವ ತಳಿಗೇ ಮೊದಲ ಜಾಗ. ಪಿಕಳಾರವೂ ಅದನ್ನೇ ಮೊದಲು ಕುಕ್ಕುತ್ತದೆ, ಅದಕ್ಕೂ ಗೊತ್ತಿರಬೇಕು.

ಮೆಣಸಿನ ಗಿಡದ ಕಥೆ ಇನ್ನೂ ಚೆನ್ನಾಗಿದೆ. ನಾವು ತುದಿನಾಲಿಗೆಗೆ ಇಟ್ಟರೆ ಕಣ್ಣಲ್ಲಿ ನೀರು ಬರುವ ಸೂಜಿ ಮೆಣಸನ್ನು ಹಕ್ಕಿ ಸಲೀಸಾಗಿ ನುಂಗುತ್ತದೆ. ಖಾರ ಅನ್ನುವುದು ನಿಜಕ್ಕೂ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ಒಂದು ಪ್ರೋಟೀನ್ ನಮ್ಮ ನರಗಳಲ್ಲಿದೆ. ಮೆಣಸಿನ ಕ್ಯಾಪ್ಸೈಸಿನ್ ಹೋಗಿ ಅದೇ ಬಾಗಿಲು ತಟ್ಟುತ್ತದೆ, ನಮಗೆ ಬಾಯಿ ಸುಟ್ಟ ಹಾಗಾಗುತ್ತದೆ. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಹಕ್ಕಿಗಳಲ್ಲೂ ಆ ಪ್ರೋಟೀನ್ ಇದೆ, ಕ್ಯಾಪ್ಸೈಸಿನ್‌ಗೆ ಮಾತ್ರ ಅದು ಜಗ್ಗಲ್ಲ.

ಗಿಡಕ್ಕೆ ಇದರಿಂದ ಏನು ಉಪಯೋಗ? ಇಲಿಯಂಥ ಪ್ರಾಣಿ ತಿಂದರೆ ಹಲ್ಲಲ್ಲಿ ಬೀಜ ಅರೆದು ಹಾಕುತ್ತದೆ. ಹಕ್ಕಿಗೆ ಹಲ್ಲಿಲ್ಲ. ಬೀಜ ಹಾಗೇ ಹೊಟ್ಟೆಯೊಳಗೆ ಹೋಗಿ, ಹಾಗೇ ದೂರದಲ್ಲಿ ಬೀಳುತ್ತದೆ. ಕಾಡುಮೆಣಸಿನ ಮೇಲೆ ಅಮೆರಿಕದಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ಇದನ್ನೇ ಹೇಳಿತು. ಇಲಿ ಜಾತಿಯವುಗಳ ಹೊಟ್ಟೆಗೆ ಹೋದ ಬೀಜ ಮೊಳೆಯಲಿಲ್ಲ, ಹಕ್ಕಿಯ ಹೊಟ್ಟೆಗೆ ಹೋದದ್ದು ಮೊಳೆಯಿತು. ಹಾಗಾದರೆ ಖಾರ ಇರುವುದೇ ಯಾರು ತಿನ್ನಬೇಕು, ಯಾರು ತಿನ್ನಬಾರದು ಅಂತ ಆರಿಸಲು. ನಾವು ತಿನ್ನಬಾರದವರ ಪಟ್ಟಿಯಲ್ಲಿ ಇದ್ದೆವು, ಹಟ ಮಾಡಿ ತಿಂದೆವು. ನನ್ನ ಬೇಲಿಯ ಉದ್ದಕ್ಕೂ, ಹಕ್ಕಿಗಳು ಕೂರುವ ತಂತಿಯ ಕೆಳಗೆ, ಯಾರೂ ಬಿತ್ತದ ಮೆಣಸಿನ ಸಸಿಗಳು ಏಳುತ್ತಲೇ ಇರುತ್ತವೆ. ಕುಂಡದಲ್ಲಿ ಆರೈಕೆ ಮಾಡಿದ ಗಿಡಕ್ಕಿಂತ ಅವೇ ಗಟ್ಟಿ.

ಹೂವುಗಳ ವೇಳಾಪಟ್ಟಿ ಗೊತ್ತಿದ್ದರೆ ಹಿತ್ತಲು ಇನ್ನೂ ಮಜಾ ಕೊಡುತ್ತದೆ. ಕುಂಬಳದ ಹೂವು ಮುಂಜಾನೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಹೀರೆಯ ಹಳದಿ ಹೂವು, ಸೋರೆಯ ಬಿಳಿ ಹೂವು ಅರಳುವುದು ಸಂಜೆ. ಸೋರೆ ಚಪ್ಪರದ ಹತ್ತಿರ ಕತ್ತಲಾಗುವ ಹೊತ್ತಿಗೆ ನಿಂತರೆ ದೊಡ್ಡ ಪತಂಗಗಳು ಬರುವುದು ಕಾಣುತ್ತದೆ. ಕೂರುವುದಿಲ್ಲ, ಹೂವಿನ ಎದುರು ರೆಕ್ಕೆ ಬಡಿಯುತ್ತಾ ನಿಂತು, ಉದ್ದದ ಸೊಂಡಿಲನ್ನು ಒಳಗೆ ಇಳಿಸಿ, ಮುಂದಿನ ಹೂವಿಗೆ ಹೋಗುತ್ತವೆ. ಹೊಸದಾಗಿ ಬಳ್ಳಿ ಹಾಕಿದವರು ಹೂವೆಲ್ಲ ಉದುರುತ್ತಿದೆ, ಕಾಯಿ ಆಗುತ್ತಿಲ್ಲ ಅಂತ ಗಾಬರಿಯಾಗುತ್ತಾರೆ. ಮೊದಲು ಬರುವುದು ಗಂಡು ಹೂವು, ಅದು ಉದುರಲೇಬೇಕು. ಹಿಂಭಾಗದಲ್ಲಿ ಪುಟ್ಟ ಹೀಚು ಇಟ್ಟುಕೊಂಡು ಬರುವುದು ಹೆಣ್ಣು ಹೂವು, ಅದಕ್ಕೆ ಕಾಯಬೇಕು. ಸೋರೆಯ ಮಾತು ಬಂತು ಅಂತ ಇದೂ ಹೇಳಿಬಿಡುತ್ತೇನೆ: ಕಾಯಿ ಕಹಿ ಇದ್ದರೆ ತಿನ್ನಬೇಡಿ, ರಸವಂತೂ ಬೇಡವೇ ಬೇಡ. ಆ ಕಹಿ ವಿಷ, ಬೇಯಿಸಿದರೂ ಹೋಗಲ್ಲ. ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ ಆಮೇಲೆ ಹೆಚ್ಚಿ.

ಬದನೆ ಮತ್ತು ಟೊಮೆಟೊ ಹೂವಿನದು ಇನ್ನೊಂದು ತರಹ. ಪರಾಗ ಹೊರಗೆ ಕಾಣುವುದಿಲ್ಲ, ಹಳದಿ ಕೊಳವೆಯೊಳಗೆ ಬಚ್ಚಿಟ್ಟುಕೊಂಡಿರುತ್ತದೆ. ಜೇನುನೊಣಕ್ಕೆ ಅದನ್ನು ಉದುರಿಸುವ ಕಲೆ ಗೊತ್ತಿಲ್ಲ. ದೊಡ್ಡ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಬಡಿಯದೆಯೇ ಹಾರುವ ಸ್ನಾಯುಗಳನ್ನು ಅದುರಿಸುತ್ತದೆ. ಹಾರುವಾಗ ಮಾಡುವ ಸದ್ದಿಗಿಂತ ಏರುದನಿಯ ಒಂದು ಝೇಂಕಾರ ಕೇಳುತ್ತದೆ, ಪರಾಗ ಪುಡಿಪುಡಿಯಾಗಿ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಕಿವಿ ಕೊಟ್ಟರೆ ಯಾರಿಗಾದರೂ ಆ ವ್ಯತ್ಯಾಸ ಕೇಳಿಸುತ್ತದೆ. ದುಂಬಿ ಬಾರದ ಜಾಗದಲ್ಲಿ ಟೊಮೆಟೊ ಬೆಳೆಯುವವರು ಬ್ಯಾಟರಿಯ ಹಲ್ಲುಜ್ಜುವ ಬ್ರಶ್ ಮುಟ್ಟಿಸಿ ಹೂವನ್ನು ಅಲ್ಲಾಡಿಸುತ್ತಾರೆ. ಕೆಲಸ ಆಗುತ್ತದೆ. ಈ ದುಂಬಿಗಳಲ್ಲಿ ಕೆಲವು ಒಣ ಮರದಲ್ಲಿ ತೂತು ಕೊರೆದು ಮನೆ ಮಾಡುವವು. ಹಾಗಾಗಿ ಹಳೆಯ ಒಣ ಕೊಂಬೆ ಒಂದೆರಡನ್ನು ಮೂಲೆಯಲ್ಲಿ ಬಿಟ್ಟಿದ್ದೇನೆ. ಮನೆಗೆ ಬಂದವರು ಅದನ್ನು ಸೋಮಾರಿತನ ಅಂದುಕೊಂಡರೆ ಅಂದುಕೊಳ್ಳಲಿ, ಪೂರ್ತಿ ಸುಳ್ಳೇನಲ್ಲ.

ಮಣ್ಣಿನ ಬಗ್ಗೆ ಜಾಸ್ತಿ ಹೇಳಲು ಹೋಗಲ್ಲ, ಅದೇ ಒಂದು ಬೇರೆ ಬರಹ ಆಗುತ್ತದೆ. ಅವರೆ, ಅಲಸಂದೆ ಗಿಡ ಇನ್ನೂ ಹಸಿರಾಗಿರುವಾಗ ಒಂದನ್ನು ಬೇರುಸಹಿತ ಕಿತ್ತು ನೋಡಿ ಅಂತ ಮಾತ್ರ ಹೇಳುತ್ತೇನೆ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಬ್ಯಾಕ್ಟೀರಿಯಾ ಅಲ್ಲಿ ವಾಸ ಮಾಡುತ್ತವೆ. ಆ ಬಣ್ಣ ಬರುವುದು ನಮ್ಮ ರಕ್ತದ ಹಿಮೋಗ್ಲೋಬಿನ್ ಮನೆತನಕ್ಕೇ ಸೇರಿದ ಒಂದು ಪ್ರೋಟೀನ್‌ನಿಂದ. ಗುಲಾಬಿ ಇದ್ದರೆ ಕೆಲಸ ನಡೆಯುತ್ತಿದೆ, ಬೂದು ಅಥವಾ ಹಸಿರಾಗಿದ್ದರೆ ನಿಂತಿದೆ. ಎರೆಹುಳದ ಮೇಲೆ ಡಾರ್ವಿನ್ 1881ರಲ್ಲಿ ಇಡೀ ಒಂದು ಪುಸ್ತಕವನ್ನೇ ಬರೆದರು. ಅವುಗಳಿಗೆ ಕಿವಿ ಕೇಳಿಸುತ್ತದೋ ಅಂತ ನೋಡಲು ಮನೆಯವರಿಂದ ವಾದ್ಯ ನುಡಿಸಿದ್ದರು. ಹುಳಗಳು ಕದಲಲಿಲ್ಲ. ಕುಂಡವನ್ನೇ ಪಿಯಾನೋ ಮೇಲಿಟ್ಟು ಬಾರಿಸಿದಾಗ ಮಾತ್ರ ಅದುರು ತಾಗಿ ಸರ್ರನೆ ಬಿಲಕ್ಕೆ ಇಳಿದವು. ಅಷ್ಟು ದೊಡ್ಡ ವಿಜ್ಞಾನಿ ಕೊನೆಗಾಲದಲ್ಲಿ ಎರೆಹುಳಕ್ಕೆ ಸಂಗೀತ ಕೇಳಿಸುತ್ತಾ ಕೂತಿದ್ದರು ಅನ್ನುವುದು ನನಗೆ ಬಹಳ ಸಮಾಧಾನ ಕೊಡುತ್ತದೆ. ನಾನೂ ಮಣ್ಣಿನ ಹತ್ತಿರ ಕೂತಿರುವಾಗ ಯಾರಾದರೂ ಏನು ಮಾಡ್ತಿದ್ದೀರಿ ಅಂದರೆ ಹೇಳಲು ಒಂದು ಹೆಸರಿದೆಯಲ್ಲ.

ಟುವ್ವಿ ಹಕ್ಕಿಯನ್ನು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಹೆಬ್ಬೆರಳಿನಷ್ಟು ಮೈ, ಮೇಲೆತ್ತಿದ ಬಾಲ, ಆ ಗಾತ್ರಕ್ಕೆ ಹೊಂದದ ಗಂಟಲು. ಅಗಲ ಎಲೆಯ ಗಿಡ ಆರಿಸಿ, ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಚುಚ್ಚಿ, ಜೇಡರ ಬಲೆಯ ನೂಲು, ಹತ್ತಿ, ನಾರು ಏನು ಸಿಗುತ್ತದೋ ಅದರಿಂದ ಎಲೆಯ ಎರಡೂ ಅಂಚನ್ನು ಸೇರಿಸುತ್ತದೆ. ಹೊಲಿಗೆ ಅಂತ ಹೇಳಿದರೂ ಹತ್ತಿರ ಹೋಗಿ ನೋಡಿದರೆ ಪ್ರತಿ ತೂತಿನಲ್ಲೂ ನಾರಿನ ತುದಿ ಉಬ್ಬಿಕೊಂಡು ಗುಬುಟಿನ ಹಾಗೆ ಹಿಡಿದುಕೊಂಡಿರುತ್ತದೆ. ತೂತು ಎಷ್ಟು ಸಣ್ಣದೆಂದರೆ ಎಲೆ ಒಣಗುವುದಿಲ್ಲ, ಹಸಿರಾಗಿಯೇ ಇದ್ದು ಗೂಡನ್ನು ಮರೆ ಮಾಡುತ್ತದೆ. ಒಳಗೆ ಮೆತ್ತಗೆ ಹಾಸಿ ಮೊಟ್ಟೆ ಇಡುತ್ತದೆ. ನನ್ನ ಬದನೆ ಗಿಡದಲ್ಲಿ ಒಮ್ಮೆ ಹೀಗೆ ಗೂಡಾಯಿತು. ಆ ಗಿಡದ ಕಾಯಿ ಕೀಳುವುದನ್ನು ನಿಲ್ಲಿಸಿದೆವು, ನೀರನ್ನೂ ಬುಡಕ್ಕೆ ಮೆಲ್ಲಗೆ ಹನಿಸುತ್ತಿದ್ದೆವು. ಬದನೆಕಾಯಿಗಳು ಗಿಡದಲ್ಲೇ ಬಲಿತು ಹಳದಿಯಾದವು. ಆ ವರ್ಷದ ಬೀಜ ಅವುಗಳಿಂದಲೇ ತೆಗೆದದ್ದು. ಗೂಡಿನ ಹತ್ತಿರ ಪದೇಪದೇ ಹೋಗಬಾರದು, ಎಲೆ ಸರಿಸಿ ಫೋಟೋ ತೆಗೆಯಬಾರದು. ನಮ್ಮ ಓಡಾಟ ನೋಡಿಯೇ ಕಾಗೆಗೂ ಬೆಕ್ಕಿಗೂ ಗೂಡಿನ ಜಾಗ ಗೊತ್ತಾಗುತ್ತದೆ.

ನೀರಿನ ಬಟ್ಟಲಿನ ಬಗ್ಗೆ ಒಂದೆರಡು ಮಾತು. ಎರಡು ಬೆರಳಿಗಿಂತ ಆಳ ಬೇಡ, ತಳ ಒರಟಾಗಿರಲಿ, ನಡುವೆ ಒಂದು ಕಲ್ಲಿರಲಿ. ಪೊದೆ ಹತ್ತಿರ ಇರಬೇಕು, ಬೆಕ್ಕು ಅಡಗಿ ಹಾರುವಷ್ಟು ಹತ್ತಿರ ಅಲ್ಲ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ತೊಳೆದರೆ ಸೊಳ್ಳೆ ಮರಿ ಬೆಳೆಯಲು ಸಮಯ ಸಿಗಲ್ಲ. ಕಾಳಿನ ತಟ್ಟೆಗೂ ಇದೇ ಮಾತು. ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಹಕ್ಕಿಗಳಿಗೆ 2005ರಿಂದ ಗಂಟಲಿನ ರೋಗ ಹರಡಿ, ಅವುಗಳ ಸಂಖ್ಯೆ ಬಿದ್ದು ಬಿದ್ದು 2021ರಲ್ಲಿ ಅಪಾಯದ ಕೆಂಪು ಪಟ್ಟಿಗೆ ಸೇರಿದವು. ಎಂಜಲು ಕಾಳು, ಎಂಜಲು ನೀರಿನಿಂದ ಹರಡುವ ರೋಗ ಅದು. ಪ್ರೀತಿಯಿಂದ ಇಟ್ಟ ತಟ್ಟೆಯನ್ನು ತೊಳೆಯದಿದ್ದರೆ ಇಡದಿರುವುದೇ ಮೇಲು.

ಬಲೆ ಹಾಕುವವರು ಸಣ್ಣ ಕಣ್ಣಿನದನ್ನೇ ಹಾಕಿ, ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ಬಲೆಯಲ್ಲಿ ಹಕ್ಕಿಯ ಕಾಲು, ಬಾವಲಿಯ ರೆಕ್ಕೆ, ಹಾವಿನ ಮೈ ಎಲ್ಲ ಸಿಕ್ಕಿಕೊಳ್ಳುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು ಪೂರ್ತಿ ಎಳೆದಾಗಲೂ 5 ಮಿಲಿಮೀಟರ್ ದಾಟಬಾರದು ಅಂತ 2021ರಿಂದ ಕಾನೂನೇ ಇದೆ. ಕಿರುಬೆರಳು ತೂರಿದರೆ ಆ ಬಲೆ ಬೇಡ. ನಾನು ಬಲೆಯ ಬದಲು ಹಳೆಯ ತೆಳು ಬಟ್ಟೆಯ ಚೀಲ ಹೊಲಿದು ಒಂದೊಂದು ಗೊಂಚಲಿಗೆ ಕಟ್ಟುತ್ತೇನೆ. ಕಟ್ಟದೆ ಬಿಟ್ಟ ಗೊಂಚಲು ಪಿಕಳಾರದ್ದು ಅಂತ ನನ್ನ ಕಡೆಯಿಂದ ಒಪ್ಪಂದ. ಅದರ ಸಹಿ ಇನ್ನೂ ಬಿದ್ದಿಲ್ಲ.

ಇಷ್ಟೆಲ್ಲ ಉದಾರವಾಗಿ ಮಾತಾಡಿದ ಮೇಲೆ ಇಲಿ, ಹೆಗ್ಗಣದ ಬಗ್ಗೆ ಹೇಳಲೇಬೇಕು. ಅವುಗಳ ಬಗ್ಗೆ ನನ್ನ ಹತ್ತಿರ ಒಳ್ಳೆ ಮಾತು ಒಂದೂ ಇಲ್ಲ. ಕಾಳು ನೆಲಕ್ಕೆ ಚೆಲ್ಲಿದರೆ ಬರುತ್ತವೆ, ಗೊಬ್ಬರದ ಗುಂಡಿಗೆ ಅನ್ನ ಹಾಕಿದರೆ ಬರುತ್ತವೆ, ಏನೂ ಹಾಕದಿದ್ದರೂ ಗೆಣಸಿನ ಪಾತಿ ಹುಡುಕಿಕೊಂಡು ಬರುತ್ತವೆ. ವಿಷ ಮಾತ್ರ ಇಡಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಆ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುತ್ತದೆ, ವಿಷ ಗೂಬೆಯ ಹೊಟ್ಟೆಗೂ ಹೋಗುತ್ತದೆ. ರಾತ್ರಿ ಬಂದು ಕಂಬದ ಮೇಲೆ ಕೂರುವ ಗೂಬೆಯನ್ನು ಕಳೆದುಕೊಂಡು ಗೆಣಸು ಉಳಿಸಿಕೊಳ್ಳುವ ಮನಸ್ಸಿಲ್ಲ. ಸದ್ಯಕ್ಕೆ ಕಾಳನ್ನು ತಟ್ಟೆಯಲ್ಲಿ, ಬೆಳಿಗ್ಗೆ ಮುಗಿಯುವಷ್ಟೇ ಇಡುತ್ತೇನೆ. ಗೊಬ್ಬರದ ಗುಂಡಿಗೆ ತಂತಿ ಜಾಲರಿ ಹಾಕಿದ್ದೇನೆ, ಸಂಜೆ ಬೋನು ಇಡುತ್ತೇನೆ. ಅದರೊಳಗಿನ ತಿಂಡಿಗೆ ಇರುವೆ ಮುತ್ತುತ್ತದೆ, ಹೆಗ್ಗಣ ಪಕ್ಕದಲ್ಲೇ ಹಾದು ಗೆಣಸಿಗೆ ಹೋಗುತ್ತದೆ. ಬೇರೆ ಉಪಾಯ ಗೊತ್ತಿದ್ದವರು ಹೇಳಿ, ಗೂಬೆಗೆ ತೊಂದರೆಯಾಗದ್ದು ಮಾತ್ರ.